ಟ್ರೈಕೋಡರ್ಮಾ ಪುಡಿ: ನಾಲ್ಕು ವರ್ಷ ಸಸಿ ಮಡಿಗೆ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡ್ತೀನಿ, ರೋಗದ ಶಿಲೀಂಧ್ರವನ್ನು ತಿನ್ನುವ ಒಳ್ಳೇ ಶಿಲೀಂಧ್ರದ ಈ ಪುಡಿಗೆ ನಾನು ಕೊಡೋದು ಐದಕ್ಕೆ ಮೂರೂವರೆ ಅಂಕ. ಕಡಿಮೆಯಾದ ಒಂದೂವರೆಯಲ್ಲಿ ಅರ್ಧಪಾಲು ನನ್ನ ತಪ್ಪಿಗೇ ಹೋಗಬೇಕು.

ಕೋಲಾರದ ಕಡೆ ಟೊಮೆಟೊ, ಮೆಣಸಿನ ಸಸಿ ಬೆಳೆಸ್ತೀನಿ. ಸಂಜೆ ನೆಟ್ಟಗಿದ್ದ ಸಸಿ ಬೆಳಗಾಗುವಷ್ಟರಲ್ಲಿ ಬುಡ ನೀರು ಹಿಡಿದು, ದಾರದಷ್ಟು ಸಣ್ಣಗಾಗಿ ಮಲಗಿರುತ್ತಿತ್ತು. ಮಣ್ಣಲ್ಲಿರುವ ಪಿಥಿಯಂ, ರೈಜೋಕ್ಟೋನಿಯಾ ಅನ್ನೋ ರೋಗಾಣುಗಳ ಕೆಲಸ.

ಮೊದಲ ವರ್ಷ ಬೇಸಿಗೆಯಲ್ಲಿ ಪ್ಯಾಕೆಟ್ ಹರಿದು ಒಣ ಮಣ್ಣಿಗೆ ಎರಚಿದೆ. ಗೊಬ್ಬರ ಎರಚಿದ ಹಾಗೆ! ಏನೂ ಆಗಲಿಲ್ಲ. ಸಾಲದ್ದಕ್ಕೆ ಬೀಜಕ್ಕೆ ಕಾರ್ಬೆಂಡಜಿಮ್ ಅನ್ನೋ ಶಿಲೀಂಧ್ರನಾಶಕ ಬೇರೆ ಹಚ್ಚಿದ್ದೆ. ಅದು ರೋಗದ ಶಿಲೀಂಧ್ರದ ಜೊತೆ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ ಅಂತ ಆಮೇಲೆ ಗೊತ್ತಾಯ್ತು.

ಮಾರನೇ ವರ್ಷದಿಂದ 1 ಕೆಜಿ ಪುಡಿಯನ್ನು 100 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಗುಡ್ಡೆ ಹಾಕಿ, ನೀರು ಚಿಮುಕಿಸಿ ಗೋಣಿತಾಟು ಹೊದಿಸ್ತೀನಿ. ನಡುವೆ ಒಮ್ಮೆ ಮಗುಚೋದು. ಹದಿನೈದು ದಿನಕ್ಕೆ ತಾಟು ಎತ್ತಿದರೆ ಬಿಳಿ ನೂಲು, ಅದರ ಮೇಲೆ ಪಾಚಿಯಂಥ ಹಸಿರು, ಹಳೇ ಕೊಬ್ಬರಿಯ ಸಣ್ಣ ವಾಸನೆ. ಅದು ಬಂದಿಲ್ಲವೆಂದರೆ ಮಡಿಗೆ ಹಾಕಿ ಪ್ರಯೋಜನವಿಲ್ಲ. ಬೀಜಕ್ಕೆ ಕೆಜಿಗೆ 4 ಗ್ರಾಂ, ಅಷ್ಟೇ.

ಇದು ಜೀವ. 25ರಿಂದ 30 ಡಿಗ್ರಿ, ಒದ್ದೆಯಿದ್ದೂ ಗಾಳಿಯಾಡುವ ಮಣ್ಣು ಸಿಕ್ಕರೆ ರೈಜೋಕ್ಟೋನಿಯಾದ ಎಳೆಗೆ ಬಳ್ಳಿ ಸುತ್ತಿದ ಹಾಗೆ ಸುತ್ತಿ ಕರಗಿಸಿ ತಿನ್ನುತ್ತದೆ. ಪಿಥಿಯಂ ಆಟವೇ ಬೇರೆ. ಅದು ನಿಜವಾದ ಶಿಲೀಂಧ್ರವೂ ಅಲ್ಲ, ನಿಂತ ನೀರಲ್ಲಿ ಅದರ ಬೀಜಕಣ ಈಜಿಕೊಂಡೇ ಬೇರಿಗೆ ಬರುತ್ತದೆ. ಮೂರನೇ ವರ್ಷ ಆರಿದ್ರಾ ಮಳೆ ಬಿಡದೆ ಹೊಡೆದು, ಸಮತಟ್ಟು ಮಡಿಯೆಲ್ಲ ಕೆಸರಾಗಿ ಸಸಿ ಚಾಪೆ ಹಾಸಿದ ಹಾಗೆ ಬಿತ್ತು. ಪಕ್ಕದ ಏರುಮಡಿಯಲ್ಲಿ ಅದೇ ಬೀಜ, ಅದೇ ಪುಡಿ, ಬಹುಪಾಲು ಉಳಿಯಿತು.

ಗೆದ್ದಿದ್ದು ಪುಡಿಯೋ ಏರುಮಡಿಯೋ? ಅನುಮಾನಕ್ಕೆ ಹೋದ ವರ್ಷ ಒಂದು ಏರುಮಡಿಗೆ ಪುಡಿ ಹಾಕದೆ ಬಿಟ್ಟೆ. ಅಲ್ಲಿ ತೇಪೆ ತೇಪೆಯಾಗಿ ಸಸಿ ಹೋದವು. ಹಾಕಿದ ಮಡಿಯಲ್ಲಿ ಮೂಲೆಯಲ್ಲಿ ಮಾತ್ರ, ಹನಿ ಪೈಪ್ ಸೋರುತ್ತಿದ್ದ ಕಡೆ.

ಅಂಗಡಿಯವರ ಮೇಲೆ ಒಂದು ಕೋಪ ಇದೆ. ಬಿಸಿಲು ಬೀಳುವ ಗಾಜಿನ ಕಪಾಟಲ್ಲಿಟ್ಟ ಹಳೇ ಸರಕನ್ನೇ ಒಮ್ಮೆ ಕೊಟ್ಟರು, ತಾಟಿನಡಿ ಹಸಿರು ಬರಲೇ ಇಲ್ಲ. ಈಗ ತಯಾರಿಕೆ ತಿಂಗಳು ನೋಡದೆ ದುಡ್ಡು ಕೊಡಲ್ಲ. ಮೂರು ತಿಂಗಳು ದಾಟಿದ್ದರೆ ಪ್ಯಾಕೆಟ್ ವಾಪಸ್.