ಓಸಿ ಇಲ್ಲದ ಫ್ಲಾಟಿಗೆ ಐದು ಲಕ್ಷ ಅಡ್ವಾನ್ಸ್ ಕೊಟ್ಟೆ, ನೀವು ಕೊಡಬೇಡಿ

ಮೊನ್ನೆ ಭಾನುವಾರ ಮಾರಾಟದ ಜಾಹೀರಾತಿನಲ್ಲಿ ಅದೇ ಫ್ಲಾಟಿನ ಫೋಟೋ ಮತ್ತೆ ಕಂಡಿತು. ಮೂರನೇ ಮಹಡಿ, ಪೂರ್ವಕ್ಕೆ ಬಾಗಿಲು, ಅಡುಗೆಮನೆ ಕಟ್ಟೆಗೆ ಕಪ್ಪು ಗ್ರಾನೈಟ್. ಬಾಲ್ಕನಿಯಿಂದ ಕಾಣುವ ತೆಂಗಿನ ಮರವೂ ಫೋಟೋದಲ್ಲಿದೆ. 2025ರ ಜನವರಿಯಲ್ಲಿ ಆ ಮರ ನೋಡಿಯೇ ಅಮ್ಮ "ನಮ್ಮೂರಲ್ಲಿ ಇದ್ದಂಗೇ ಇದೆ ಕಣವ್ವ" ಅಂದಿದ್ದಳು. ಆ ಮನೆಗೆ ನಾನು ಐದು ಲಕ್ಷ ಅಡ್ವಾನ್ಸ್ ಕೊಟ್ಟಿದ್ದೆ. ಮನೆ ಸಿಗಲಿಲ್ಲ. ಮೂರು ಲಕ್ಷ ಇನ್ನೂ ವಾಪಸ್ ಬಂದಿಲ್ಲ. ಈಗ ಇನ್ಯಾರೋ ಅದೇ ಬಾಲ್ಕನಿಯಲ್ಲಿ ನಿಂತು ಅದೇ ಮರ ನೋಡುತ್ತಿರುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನನಗೆ 47 ವರ್ಷ. ಮದುವೆಯಾಗಿಲ್ಲ. ಒಂದು ಕಂಪನಿಯಲ್ಲಿ ಅಕೌಂಟ್ಸ್ ಕೆಲಸ, ಕೈಗೆ ಬರುವ ಸಂಬಳ 62,000. ಬೆಂಗಳೂರಿಗೆ ಬಂದ ಇಪ್ಪತ್ತೆರಡು ವರ್ಷದಲ್ಲಿ ವಿಜಯನಗರದ ಸುತ್ತಮುತ್ತ ಏಳು ಬಾಡಿಗೆ ಮನೆ ಬದಲಾಯಿಸಿದ್ದೇನೆ. ಒಬ್ಬಳೇ ಇರುವ ಹೆಂಗಸಿಗೆ ಮನೆ ಕೊಡುವಾಗ ಮಾಲೀಕರು ಏನೇನು ಕೇಳುತ್ತಾರೆ ಅನ್ನುವುದು ಕೇಳಿಸಿಕೊಂಡವರಿಗೇ ಗೊತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ತಿಪಟೂರಿನಿಂದ ನನ್ನ ಹತ್ತಿರ ಬಂದಳು. ಎಪ್ಪತ್ತೈದು ದಾಟಿದವಳನ್ನು ಇನ್ನೊಂದು ಸಲ ಸಾಮಾನಿನ ಜೊತೆ ಎಬ್ಬಿಸಿಕೊಂಡು ಹೋಗಬಾರದು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ.

ದುಡ್ಡಿನ ಲೆಕ್ಕ ಹೀಗಿತ್ತು. ಎಫ್‌ಡಿ, ಚೀಟಿ ಹಣ, ಪಿಎಫ್‌ನಿಂದ ತೆಗೆದ ಆರು ಲಕ್ಷ ಎಲ್ಲ ಸೇರಿ ಹದಿನೇಳು ಲಕ್ಷ. ಅದರಲ್ಲಿ ರಿಜಿಸ್ಟ್ರೇಷನ್ ಖರ್ಚು, ಮನೆ ಸಾಮಾನಿಗೆ ಅಂತ ಮೂರು ಲಕ್ಷ ಬದಿಗಿಟ್ಟೆ. ಉಳಿದದ್ದಕ್ಕೆ ಬ್ಯಾಂಕ್ ಸಾಲ. ನಾನು ಹೋದ ಬ್ಯಾಂಕಿನಲ್ಲಿ ನಿವೃತ್ತಿಯ ಹೊತ್ತಿಗೆ, ಅಂದರೆ 60ಕ್ಕೆ ಸಾಲ ತೀರಬೇಕು ಅಂದರು. ನನಗೆ ಇದ್ದದ್ದು 13 ವರ್ಷ. 28 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ 13 ವರ್ಷಕ್ಕೆ ಇಎಂಐ ಸುಮಾರು 29,700. ಅದೇ ಸಾಲ 20 ವರ್ಷಕ್ಕೆ ಸಿಕ್ಕಿದ್ದರೆ 24,300 ಆಗುತ್ತಿತ್ತು. ತಡವಾಗಿ ಮನೆ ಕೊಳ್ಳುವವರು ಇದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ. ಸಂಬಳ ಎಷ್ಟೇ ಇರಲಿ, ವರ್ಷ ಕಡಿಮೆಯಾದಷ್ಟೂ ಕಂತು ಏರುತ್ತದೆ.

ಹಾಗಾಗಿ 42 ಲಕ್ಷ ನನ್ನ ಮಿತಿ. ಉಲ್ಲಾಳದ ಕಡೆ ನಾನು ನೋಡಿದ ಎರಡು ರೂಮಿನ ಒಳ್ಳೆ ಫ್ಲಾಟುಗಳೆಲ್ಲ 58, 60 ಲಕ್ಷ ಇದ್ದವು. ಆಗ ಈ ಬ್ರೋಕರ್ ಸಿಕ್ಕಿದ. ಅದೇ ಅಳತೆ, ಹೊಸ ಕಟ್ಟಡ, 42 ಲಕ್ಷ. ಇಷ್ಟು ಕಡಿಮೆ ಯಾಕೆ ಅಂತ ಕೇಳಿದೆ. "ಬಿಲ್ಡರ್ ಮಗಳ ಮದುವೆ ಇದೆ ಅಕ್ಕ, ಅರ್ಜೆಂಟ್ ದುಡ್ಡು ಬೇಕು" ಅಂದ. ನಾನು ನಂಬಿದೆ. ಅವನು ಹೇಳದೆ ಬಿಟ್ಟ ನಿಜವಾದ ಕಾರಣ ಆ ಕಟ್ಟಡದ ಕಾಗದದಲ್ಲಿತ್ತು.

ಆ ಬ್ರೋಕರ್ ಹೇಳಿದ ಇನ್ನೊಂದು ಮಾತನ್ನು ನಾನು ಮರೆಯುವುದಿಲ್ಲ. "ಈಗಲೇ ಯಾರಿಗೂ ಹೇಳಬೇಡಿ ಅಕ್ಕ, ದೃಷ್ಟಿ ಆಗುತ್ತೆ. ರಿಜಿಸ್ಟ್ರೇಷನ್ ಆದಮೇಲೆ ಹೇಳಿ." ಹಾಸನದಲ್ಲಿರುವ ಅಣ್ಣನಿಗೆ ನಾನು ಹೇಳಲಿಲ್ಲ. "ಈ ವಯಸ್ಸಿನಲ್ಲಿ ನಿನಗ್ಯಾಕಮ್ಮ ಸಾಲ" ಅಂತಾನೆ ಅನ್ನುವ ಭಯ ಮೊದಲೇ ಇತ್ತು. ಆಫೀಸಿನಲ್ಲೂ ಹೇಳಲಿಲ್ಲ. ನನ್ನ ಪಕ್ಕದ ಮೇಜಿನವರ ತಮ್ಮ ವಕೀಲ. ಒಂದು ಮಾತು ಬಾಯಿಬಿಟ್ಟಿದ್ದರೆ ಅರ್ಧ ಗಂಟೆಯಲ್ಲಿ ಎಲ್ಲ ಗೊತ್ತಾಗುತ್ತಿತ್ತು. ದಂಪತಿ ಮನೆ ನೋಡಲು ಹೋದರೆ ಒಬ್ಬರು ಮನಸೋತರೂ ಇನ್ನೊಬ್ಬರು "ತಾಳಿ, ನೋಡೋಣ" ಅಂತಾರೆ. ನನ್ನ ಜೊತೆ ಆ ಇನ್ನೊಬ್ಬರು ಇರಲಿಲ್ಲ. ಯಾರಿಗೂ ಹೇಳಬೇಡಿ ಅಂತ ಯಾರಾದರೂ ಅಂದರೆ ದಯವಿಟ್ಟು ಅವತ್ತೇ ಇಬ್ಬರಿಗೆ ಹೇಳಿ.

ಕಾಗದ ಅಂತ ಅವನು ಕೊಟ್ಟದ್ದು ಮೂರು. ಬಿ ಖಾತೆಯ (ನಿಯಮಕ್ಕೆ ಸರಿಹೊಂದದ ಆಸ್ತಿಗೆ ತೆರಿಗೆ ವಸೂಲಿಗೆ ಅಂತ ಕೊಡುವ ಖಾತೆ) ನಕಲು, ತೆರಿಗೆ ಕಟ್ಟಿದ ರಸೀದಿ, 15 ವರ್ಷದ ಇಸಿ, ಅಂದರೆ ಋಣಭಾರ ಪತ್ರ. "ಇಸಿ ಕ್ಲೀನ್ ಇದೆ ನೋಡಿ" ಅಂದ. ಕ್ಲೀನಾಗಿಯೇ ಇತ್ತು. ಖಾತೆ ಅನ್ನುವುದು ತೆರಿಗೆ ಯಾರು ಕಟ್ಟಬೇಕು ಅನ್ನುವ ಲೆಕ್ಕ, ಮನೆ ಯಾರದು ಅನ್ನುವುದಕ್ಕೆ ಅದೇ ಸಾಕ್ಷಿ ಅಲ್ಲ ಅಂತ ನನಗೆ ಗೊತ್ತಿರಲಿಲ್ಲ. ಇಸಿಯಲ್ಲಿ ರಿಜಿಸ್ಟರ್ ಆದ ವ್ಯವಹಾರ ಮಾತ್ರ ಕಾಣುತ್ತದೆ ಅನ್ನುವುದೂ ಗೊತ್ತಿರಲಿಲ್ಲ. ಬಿ ಖಾತೆ ಬಗ್ಗೆ ಕೇಳಿದ್ದಕ್ಕೆ "ಬೆಂಗಳೂರಲ್ಲಿ ಅರ್ಧ ಊರು ಬಿ ಖಾತೆನೇ ಅಕ್ಕ, ಅಕ್ರಮ ಸಕ್ರಮದಲ್ಲಿ ಸರಿಹೋಗುತ್ತೆ" ಅಂದ. ನಿಯಮ ಮೀರಿದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಸರ್ಕಾರಿ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿದೆ. ಇದೂ ನನಗೆ ಗೊತ್ತಾದದ್ದು ದುಡ್ಡು ಹೋದ ಮೇಲೆ.

ಕರಾರು ಪತ್ರ ಸಬ್ ರಿಜಿಸ್ಟ್ರಾರ್ ಆಫೀಸಿನ ಪಕ್ಕದ ಅಂಗಡಿಯಲ್ಲಿ ತಯಾರಾಯಿತು. ಛಾಪಾ ಕಾಗದದ ಮೇಲೆ ಇಂಗ್ಲಿಷಿನಲ್ಲಿ ಆರು ಪುಟ, ನೋಟರಿ ಸಹಿ, ರಿಜಿಸ್ಟರ್ ಇಲ್ಲ. ನಾಲ್ಕು ಲಕ್ಷ ಬ್ಯಾಂಕಿನಿಂದ ಹಾಕಿದೆ. ಒಂದು ಲಕ್ಷ ಕ್ಯಾಶ್ ಬೇಕು ಅಂದರು, ಕೊಟ್ಟೆ. ಒಂಬತ್ತನೇ ಕಲಂನಲ್ಲಿ 60 ದಿನದೊಳಗೆ ಉಳಿದ ಹಣ ಕೊಡದಿದ್ದರೆ ಅಡ್ವಾನ್ಸ್ ಮುಟ್ಟುಗೋಲು ಅಂತ ಇತ್ತು. ಓದಿದೆ. 60 ದಿನದಲ್ಲಿ ಲೋನ್ ಆಗಿಯೇ ಆಗುತ್ತದೆ ಅಂದುಕೊಂಡೆ. ನನ್ನ ಸಂಬಳ ಸರಿಯಿದೆ, ಒಂದು ಕಂತೂ ತಪ್ಪಿಸಿದವಳಲ್ಲ. ಬ್ಯಾಂಕ್ ನೋಡುವುದು ನನ್ನನ್ನು ಮಾತ್ರ ಅಲ್ಲ, ಕಟ್ಟಡವನ್ನೂ ನೋಡುತ್ತದೆ ಅನ್ನುವುದು ನನಗೆ ಹೊಳೆಯಲೇ ಇಲ್ಲ.

32ನೇ ದಿನಕ್ಕೆ ಬ್ಯಾಂಕಿನಿಂದ ಫೋನ್ ಬಂತು. ಅವರ ಎಂಜಿನಿಯರ್ ಹೋಗಿ ನೋಡಿದ್ದರು. ಪ್ಲಾನ್ ಮಂಜೂರಾಗಿದ್ದದ್ದು ನೆಲಮಹಡಿ ಮತ್ತು ಎರಡು ಮಹಡಿಗೆ, ನಾಲ್ಕು ಮನೆಗೆ. ಕಟ್ಟಿದ್ದು ನಾಲ್ಕು ಮಹಡಿ, ಒಂಬತ್ತು ಮನೆ. ನಾನು ಕೊಳ್ಳಲು ಹೊರಟ ಮೂರನೇ ಮಹಡಿ ಪ್ಲಾನಿನಲ್ಲಿ ಇರಲೇ ಇಲ್ಲ! ಓಸಿ, ಅಂದರೆ ಕಟ್ಟಡ ಪ್ಲಾನಿನಂತೆಯೇ ಇದೆ, ಅಲ್ಲಿ ವಾಸ ಮಾಡಬಹುದು ಅಂತ ಕೊಡುವ ಸ್ವಾಧೀನಾನುಭವ ಪತ್ರ, ಸಿಕ್ಕಿರಲಿಲ್ಲ. ಇಂಥ ಕಟ್ಟಡಕ್ಕೆ ಸಿಗುವುದೂ ಇಲ್ಲ ಅಂದರು ಮ್ಯಾನೇಜರ್. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್‌ನ ಒಂದು ಅಕ್ರಮ ಕಟ್ಟಡದ ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನು ಕೊಟ್ಟಿದೆ. ಓಸಿ ನೋಡಿಯೇ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬೇಕು, ಓಸಿ ಇದ್ದರೆ ಮಾತ್ರ ಕರೆಂಟು, ನೀರಿನ ಸಂಪರ್ಕ ಕೊಡಬೇಕು ಅಂತ ಅದರಲ್ಲಿದೆ. ನಾನು ಅಡ್ವಾನ್ಸ್ ಕೊಟ್ಟದ್ದು ಆ ತೀರ್ಪು ಬಂದು ಒಂದು ತಿಂಗಳಾದ ಮೇಲೆ. ಬಿಲ್ಡರ್‌ಗೆ ಅದು ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಬ್ರೋಕರ್ ಗಾಬರಿಯಾಗಲಿಲ್ಲ. "ಬ್ಯಾಂಕ್ ಬಿಡಿ ಅಕ್ಕ, ನಾನೇ ಫೈನಾನ್ಸ್ ಕಂಪನಿಯಲ್ಲಿ ಮಾಡಿಸಿಕೊಡ್ತೀನಿ" ಅಂದ. ಬಡ್ಡಿ ಶೇ 10.75. ಇಎಂಐ 33,400. ಆ ರಾತ್ರಿ ಕೂತು ಲೆಕ್ಕ ಹಾಕಿದೆ. 13 ವರ್ಷಕ್ಕೆ ಬ್ಯಾಂಕ್ ಸಾಲಕ್ಕಿಂತ ಐದೂವರೆ ಲಕ್ಷದ ಮೇಲೆ ಜಾಸ್ತಿ. ಐದು ಲಕ್ಷ ಉಳಿಸಿಕೊಳ್ಳುವುದಕ್ಕೆ ಇನ್ನೂ ಐದೂವರೆ ಲಕ್ಷ ಕಟ್ಟಿ, ಪ್ಲಾನಿನಲ್ಲೇ ಇಲ್ಲದ ಮನೆಯಲ್ಲಿ ಇರಬೇಕು. ನಾಳೆ ಮಾರಲು ಹೋದರೆ ಕೊಳ್ಳುವವರಿಗೂ ಬ್ಯಾಂಕ್ ಸಾಲ ಸಿಗುವುದಿಲ್ಲ. ಆದರೂ ನಿಜ ಹೇಳುತ್ತೇನೆ, ಎರಡು ದಿನ ಅದಕ್ಕೂ ಮನಸ್ಸು ಮಾಡಿದ್ದೆ. ಅಮ್ಮ ಆಗಲೇ ದೇವರ ಮೂಲೆ ಎಲ್ಲಿ ಅಂತ ಗುರುತು ಮಾಡಿಯಾಗಿತ್ತು.

ಮೂರನೇ ದಿನ ಆಫೀಸ್ ಮುಗಿಸಿ ಒಬ್ಬಳೇ ಅಲ್ಲಿಗೆ ಹೋದೆ. ಸಂಜೆ ಏಳೂವರೆ. ಅದಕ್ಕೆ ಮುಂಚೆ ಹೋಗಿದ್ದದ್ದೆಲ್ಲ ಬೆಳಗ್ಗೆ ಹನ್ನೊಂದಕ್ಕೆ, ಬ್ರೋಕರ್ ಜೊತೆ. ಮೆಟ್ಟಿಲಿಗೆ ಲೈಟ್ ಇರಲಿಲ್ಲ. ಮೊದಲ ಮಹಡಿಯಲ್ಲಿ ಒಂದು ಕುಟುಂಬ ಇತ್ತು. ಆ ಮನೆಯ ಹೆಂಗಸು ಬಾಗಿಲು ತೆಗೆದು ನನ್ನನ್ನು ನೋಡಿ, "ಮೂರನೇ ಮಹಡಿದಾ ಅಕ್ಕ? ಬನ್ನಿ ಒಳಗೆ" ಅಂದರು. ನಾನು ಏನೂ ಕೇಳುವ ಮುಂಚೆಯೇ. ಕಟ್ಟಡ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಕರೆಂಟಿನಲ್ಲೇ ಎಲ್ಲ ಮನೆಯೂ ನಡೆಯುತ್ತಿತ್ತು. ಅದರ ದರ ಮಾಮೂಲಿ ಮನೆ ದರಕ್ಕಿಂತ ಜಾಸ್ತಿ, ಬಿಲ್ ಹಂಚಿಕೊಳ್ಳುವಾಗ ಪ್ರತಿ ತಿಂಗಳು ಜಗಳ. ಕಾವೇರಿ ನೀರು ಇಲ್ಲ, ಟ್ಯಾಂಕರ್. ಕಾಫಿ ಕೊಡುತ್ತಾ ಅವರು ಹೇಳಿದರು: "ನಿಮಗಿಂತ ಮುಂಚೆ ಒಬ್ಬರು ಮೇಷ್ಟ್ರು ಬಂದಿದ್ರು. ಅವರಿಗೂ ಲೋನ್ ಆಗಲಿಲ್ಲ. ಅಡ್ವಾನ್ಸ್‌ಗೆ ತುಂಬಾ ಓಡಾಡಿದ್ರು ಪಾಪ."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಮೇಷ್ಟರ ಕರಾರೂ ರಿಜಿಸ್ಟರ್ ಆಗಿರಲಿಲ್ಲ. ಅದಕ್ಕೇ ಇಸಿ ಅಷ್ಟು ಕ್ಲೀನಾಗಿತ್ತು. ಆ ಫ್ಲಾಟ್ ಮಾರಿಹೋಗದಿದ್ದರೂ ಅವರಿಗೆ ನಷ್ಟವಿಲ್ಲ. ಬಂದವರ ಅಡ್ವಾನ್ಸ್ ಉಳಿಯುತ್ತದೆ, ಫ್ಲಾಟೂ ಉಳಿಯುತ್ತದೆ.

60 ದಿನ ಮುಗಿದ ಮೇಲೆ ಬಿಲ್ಡರ್ ಫೋನ್ ಎತ್ತಲಿಲ್ಲ. ಮೊದಲು ರೇರಾಗೆ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ಹೋದೆ. ಅಲ್ಲಿ ಕೇಳಿದ್ದು ನನಗೆ ದೊಡ್ಡ ಪೆಟ್ಟು. 500 ಚದರ ಮೀಟರ್ ಮೀರದ ಜಾಗದ ಯೋಜನೆ ರೇರಾದಲ್ಲಿ ನೋಂದಾಯಿಸಬೇಕಾಗಿಲ್ಲ. 40-60 ಅಡಿಯ ಸೈಟ್ ಅಂದರೆ 223 ಚದರ ಮೀಟರ್. ಅಂದರೆ ನಮ್ಮಂಥವರ ಬಜೆಟ್ಟಿಗೆ ಸಿಗುವ, ಸಣ್ಣ ಸೈಟಿನಲ್ಲಿ ಎದ್ದ ಕಟ್ಟಡಗಳೇ ಆ ರಕ್ಷಣೆಯ ಹೊರಗೆ. ದೊಡ್ಡ ಯೋಜನೆಯಾಗಿದ್ದರೆ ಕರಾರು ರಿಜಿಸ್ಟರ್ ಮಾಡದೆ ಬೆಲೆಯ ಶೇ 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತೆಯೇ ಇಲ್ಲ. ನನ್ನ ಹತ್ತಿರ 42 ಲಕ್ಷಕ್ಕೆ ಐದು ಲಕ್ಷ ತೆಗೆದುಕೊಂಡಿದ್ದರು.

ಕೊನೆಗೆ ಪಕ್ಕದ ಮೇಜಿನವರಿಗೆ ಹೇಳಿದೆ. ಅವರ ತಮ್ಮ ನೋಟಿಸ್ ಕಳಿಸಿದರು. ಕರಾರಿನಲ್ಲಿ ಮುಟ್ಟುಗೋಲು ಅಂತ ಬರೆದ ಮಾತ್ರಕ್ಕೆ ಪೂರ್ತಿ ಹಣ ನುಂಗಲು ಆಗುವುದಿಲ್ಲ, ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯವಾದಷ್ಟು ಪರಿಹಾರ ಮಾತ್ರ ಸಿಗಬೇಕು ಅಂತ ವಿವರಿಸಿದರು. ಪ್ಲಾನ್ ಮೀರಿ ಕಟ್ಟಿದ್ದನ್ನು ಮುಚ್ಚಿಟ್ಟದ್ದನ್ನೂ ನೋಟಿಸಿನಲ್ಲಿ ಬರೆದರು. ಐದು ತಿಂಗಳಾದ ಮೇಲೆ ಎರಡು ಲಕ್ಷ ಬಂತು. ಬ್ಯಾಂಕಿನಿಂದ ಹಾಕಿದ ಇನ್ನೆರಡು ಲಕ್ಷಕ್ಕೆ ಗ್ರಾಹಕರ ಆಯೋಗದಲ್ಲಿ ಕೇಸ್ ನಡೆಯುತ್ತಿದೆ. ಕ್ಯಾಶ್ ಕೊಟ್ಟ ಒಂದು ಲಕ್ಷಕ್ಕೆ ಸಾಕ್ಷಿಯೇ ಇಲ್ಲ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದೇ ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಕೇಳಿದಾಗಲೇ ನಾನು ಎದ್ದು ಬರಬೇಕಿತ್ತು. ಪಿಎಫ್‌ನಲ್ಲಿ ಇದ್ದಿದ್ದರೆ ಆ ಹಣಕ್ಕೆ ಶೇ 8.25 ಬಡ್ಡಿ ಬರುತ್ತಿತ್ತು. ಅದು ನನ್ನ ಅರವತ್ತರ ನಂತರದ ಅನ್ನ.

ನಿಮಗೆ ನಾನು ಹೇಳುವುದು ಇಷ್ಟು. ಮನೆ ಇಷ್ಟವಾದ ದಿನ ಒಂದು ರೂಪಾಯಿಯನ್ನೂ ಕೊಡಬೇಡಿ. ಮೊದಲು ಮಂಜೂರಾದ ಪ್ಲಾನಿನ ನಕಲು ಕೇಳಿ, ಅದನ್ನು ಕೈಯಲ್ಲಿ ಹಿಡಿದು ಕಟ್ಟಡದ ಎದುರು ನಿಂತು ಮಹಡಿ ಎಣಿಸಿ. ಎಷ್ಟು ಬಾಗಿಲು ಇದೆ ಎಣಿಸಿ. ಅದಕ್ಕೆ ಎಂಜಿನಿಯರ್ ಆಗಬೇಕಾಗಿಲ್ಲ. ಓಸಿ "ಬರುತ್ತೆ" ಅಂದರೆ, ಬಂದ ಮೇಲೆ ಫೋನ್ ಮಾಡಿ ಅಂತ ಹೇಳಿ ಬನ್ನಿ. ಕಾಗದಗಳನ್ನು ನಿಮ್ಮ ಸಂಬಳ ಬರುವ ಬ್ಯಾಂಕಿಗೆ ಮೊದಲು ತೋರಿಸಿ. ಬಿಲ್ಡರ್ ಹೇಳಿದ ವಕೀಲರಲ್ಲ, ನೀವೇ ಹುಡುಕಿದ ವಕೀಲರಿಂದ ಓದಿಸಿ. ಇತ್ತೀಚೆಗೆ ಇನ್ನೊಂದು ಮನೆಯ ಕಾಗದ ನೋಡಿಸಲು ನಾನು ಕೊಟ್ಟದ್ದು 10,000. ಅವರು ಬೇಡ ಅಂದರು, ಬಿಟ್ಟೆ. ಕರಾರು ಮಾಡಿದರೆ, ಕಾಗದದ ದೋಷದಿಂದ ಸಾಲ ಸಿಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅನ್ನುವ ಸಾಲು ಇರಲೇಬೇಕು. ಇದನ್ನು ಬರೆಯಲು ಒಪ್ಪದವರ ಹತ್ತಿರ ಮುಂದಿನ ಮಾತೇ ಬೇಡ. ಮತ್ತೆ, ಒಮ್ಮೆ ಸಂಜೆ ಹೊತ್ತು ಹೋಗಿ. ಬ್ರೋಕರ್ ಇಲ್ಲದೆ ಹೋಗಿ. ಕೆಳಗಿನ ಮನೆಯ ಬೆಲ್ ಒತ್ತಿ.

ಅಣ್ಣನಿಗೆ ಕೊನೆಗೂ ಹೇಳಿದೆ. ಅವನು ಬಯ್ಯಲಿಲ್ಲ. "ಮುಂಚೆನೇ ಹೇಳಬಾರದಿತ್ತಾ ಪುಟ್ಟಿ" ಅಂದ, ಅಷ್ಟೇ. ಈಗ ಮನೆ ನೋಡಲು ಹೋದರೆ ವಿಡಿಯೋ ಕಾಲಿನಲ್ಲಿ ಅವನೂ ಇರುತ್ತಾನೆ.

ಜಾಹೀರಾತು ನೋಡಿದ ಮೇಲೆ ಮೊದಲ ಮಹಡಿಯವರಿಗೆ ಫೋನ್ ಮಾಡಿದ್ದೆ. ಶನಿವಾರ ಒಬ್ಬ ಹೆಂಗಸು ಮಗನ ಜೊತೆ ಬಂದು ಮೂರನೇ ಮಹಡಿ ನೋಡಿ ಹೋದರಂತೆ. ಮೆಟ್ಟಿಲ ಹತ್ತಿರ ಇವರು ಮೆಲ್ಲಗೆ "ಓಸಿ ಕೇಳಿ" ಅಂದರಂತೆ. ಬ್ರೋಕರ್ ಪಕ್ಕದಲ್ಲೇ ಇದ್ದ. ಆ ಹೆಂಗಸಿಗೆ ಕೇಳಿಸಿತೋ ಇಲ್ಲವೋ ಅಂತ ಇವರಿಗೆ ಗೊತ್ತಾಗಲಿಲ್ಲ.