ಹಳೆಯ ಮರದ ಕ್ಯಾಮೆರಾ ಕೊಳ್ಳುವ ಮುನ್ನ ಗಾಜಿನ ಒರಟು ಬದಿ ಮುಟ್ಟಿ ನೋಡಿ

ಕಳೆದ ಭಾನುವಾರ ಅವೆನ್ಯೂ ರಸ್ತೆಯ ಕಡೆ ಹೋಗಿದ್ದೆ. ಎರಡು ವರ್ಷಗಳ ಹಿಂದೆ ನನಗೆ ಮರದ ಕ್ಯಾಮೆರಾ ಮಾರಿದ ಅಂಗಡಿಯವರು ಅಂಥದ್ದೇ ಇನ್ನೊಂದನ್ನು ಬಾಗಿಲ ಬಳಿ ಮೂರು ಕಾಲಿನ ಮೇಲೆ ನಿಲ್ಲಿಸಿದ್ದರು. ಹಿತ್ತಾಳೆಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ದರೋ ಏನೋ, ದೇವರ ಮನೆಯ ದೀಪದಂತೆ ಹೊಳೆಯುತ್ತಿತ್ತು. ಕಾಲೇಜಿನ ಹುಡುಗನೊಬ್ಬ ಬೆಲೆ ಕೇಳುತ್ತಿದ್ದ. ಬೇಡ ಎಂದು ಹೇಳಬೇಕೆನಿಸಿತು, ಅಂಗಡಿಯವರ ಎದುರಿಗೆ ಬಾಯಿ ಬರಲಿಲ್ಲ. ಆ ಹುಡುಗನಿಗೆ ಹೇಳಬೇಕಾಗಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕೊಂಡದ್ದು ಹಾಫ್ ಪ್ಲೇಟ್ ಕ್ಯಾಮೆರಾ. ಒಂದೊಂದು ನೆಗೆಟಿವ್ 4¾ ಇಂಚು ಅಗಲ, 6½ ಇಂಚು ಉದ್ದ. ನಮ್ಮ ಅಜ್ಜ ಅಜ್ಜಿಯರ ಮದುವೆಯ ಪಟಗಳು ಬಹುಪಾಲು ಇಂಥ ಪೆಟ್ಟಿಗೆಗಳಿಂದಲೇ ಬಂದವು. ಕೇರಳದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ವಾಗೀಶ್ವರಿ ಕ್ಯಾಮೆರಾಗಳು ಒಂದು ಕಾಲಕ್ಕೆ ಸ್ಟುಡಿಯೊಗಳಲ್ಲಿ ಹೆಸರುವಾಸಿಯಾಗಿದ್ದವು. ನನ್ನದನ್ನು ಯಾರು ಮಾಡಿದ್ದರೋ, ಹೆಸರಿನ ತಗಡು ಕಿತ್ತುಹೋಗಿತ್ತು. ಅಂಗಡಿಯವರು ಮಾತ್ರ ಲಂಡನ್ನಿನದೆಂದು ಆಣೆಯಿಟ್ಟರು. ಕರಿಬಟ್ಟೆ ಹೊದ್ದು, ಕ್ಯಾಮೆರಾದ ಹಿಂಬದಿಯಲ್ಲಿ ಬಿಂಬ ಮೂಡುವ ಮಸುಕು ಗಾಜಿನ ಮೇಲೆ ಕಣ್ಣಿಟ್ಟೆ. ಎದುರಿನ ಬೈಂಡಿಂಗ್ ಅಂಗಡಿ ತಲೆಕೆಳಗಾಗಿ ತೂಗುತ್ತಿತ್ತು, ಒಂದು ಆಟೊ ಮಾಡಿಗೆ ಅಂಟಿಕೊಂಡ ಹಲ್ಲಿಯಂತೆ ಸರಿದುಹೋಯಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಇಪ್ಪತ್ತೆಂಟು ಸಾವಿರ ಹೇಳಿದ್ದನ್ನು ಇಪ್ಪತ್ತನಾಲ್ಕಕ್ಕೆ ಇಳಿಸಿಕೊಂಡು, ನಾನೇ ಅವರಿಗೆ ಟೋಪಿ ಹಾಕಿದೆನೆಂಬ ಹಿಗ್ಗಿನಲ್ಲಿ ಮನೆಗೆ ಬಂದೆ.

ಮೊದಲ ಪೆಟ್ಟು ಫಿಲ್ಮಿನದು. ಹಾಫ್ ಪ್ಲೇಟ್ ಅಳತೆಯ ಫಿಲ್ಮ್ ಅಂಗಡಿಯಲ್ಲಿ ಸಿಗುವುದಿಲ್ಲ. ಇಲ್ಫರ್ಡ್ ಕಂಪನಿ ವರ್ಷಕ್ಕೊಮ್ಮೆ ಮುಂಗಡ ಆರ್ಡರ್ ಪಡೆದು ಇಂಥ ವಿಚಿತ್ರ ಅಳತೆಗಳನ್ನು ಕತ್ತರಿಸಿ ಕೊಡುತ್ತದೆ. ಅಷ್ಟು ಕಾಯುವ ತಾಳ್ಮೆ ನನಗಿರಲಿಲ್ಲ. ಆಸ್ಪತ್ರೆಗಳಿಗೆ ಸಾಮಾನು ಮಾರುವವರಿಂದ ಎಕ್ಸ್-ರೇ ಫಿಲ್ಮ್ ತಂದು, ಬಚ್ಚಲಮನೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು ಕತ್ತರಿಸಿದೆ. ಅದು ಅಗ್ಗ, ನಿಜ. ಆದರೆ ಎರಡೂ ಬದಿಗೆ ಬೆಳಕು ಹಿಡಿಯುವ ಲೇಪನವಿರುತ್ತದೆ. ಪಟ ಮೂಡಿಸುವ ಡೆವಲಪರ್ ದ್ರಾವಣದ ತಟ್ಟೆಯ ತಳಕ್ಕೆ ಸ್ವಲ್ಪ ಉಜ್ಜಿದರೂ ಬೆಕ್ಕು ಪರಚಿದಂತೆ ಗೀರುಗಳು. ತಟ್ಟೆಯ ತಳಕ್ಕೆ ನುಣುಪಾದ ಗಾಜಿನ ಹಾಳೆ ಹಾಕಬೇಕೆಂಬುದು ಹನ್ನೆರಡು ಹಾಳೆ ಹಾಳಾದ ಮೇಲೆ ಹೊಳೆಯಿತು.

ಕ್ಯಾಮೆರಾದ ಜೊತೆ ಬಂದ, ಫಿಲ್ಮ್ ತುಂಬಿ ಹಿಂಬದಿಗೆ ಸಿಕ್ಕಿಸುವ ಮೂರು ಹೋಲ್ಡರ್‌ಗಳು ಫಿಲ್ಮಿಗಿಂತ ಮೊದಲು ಬಳಕೆಯಲ್ಲಿದ್ದ ಗಾಜಿನ ಪ್ಲೇಟಿಗೆಂದು ಮಾಡಿದವು. ತೆಳ್ಳಗಿನ ಫಿಲ್ಮ್ ಅದರಲ್ಲಿ ನಿಲ್ಲುವುದೇ ಇಲ್ಲ. ಬೆಳಕು ತಡೆಯುವ ಮುಚ್ಚಳವಾದ ಡಾರ್ಕ್ ಸ್ಲೈಡ್ ಎಳೆದೊಡನೆ ಒಳಗೆ ಪಟ್ಟನೆ ಬಿದ್ದ ಸದ್ದು. ಫಿಲ್ಮಿಗೆ ತಗಡಿನ ಚೌಕಟ್ಟು ಬೇಕು. ಇಲ್ಲದಿದ್ದರೆ ಹಿಂದೆ ಗಾಜಿನ ಪ್ಲೇಟಿನಷ್ಟೇ ದಪ್ಪದ ಕರಿ ರಟ್ಟು ಕೊಟ್ಟು ಒತ್ತಿ ಕೂರಿಸಬೇಕು. ನಾನು ರಟ್ಟಿನ ದಾರಿ ಹಿಡಿದೆ.

ಆಮೇಲೆ ತಿದಿ, ಅಂದರೆ ಲೆನ್ಸಿನಿಂದ ಹಿಂಬದಿಯವರೆಗೆ ಹಿಗ್ಗುವ ಮಡಿಕೆಯ ಕೊಳವೆ. ಚರ್ಮದ ಮಡಿಕೆಗಳು ಕಪ್ಪಗೆ, ಮೆದುವಾಗಿ, ಹೊಸದರಂತೆ ಕಂಡಿದ್ದವು. ಮೊದಲ ನೆಗೆಟಿವ್‌ಗಳೆಲ್ಲ ಮಂಜು ಕವಿದಂತೆ ಬಂದಾಗ, ಒಂದು ರಾತ್ರಿ ಬೀದಿಯ ವಿದ್ಯುತ್ ಹೋಗಿದ್ದ ಹೊತ್ತಿನಲ್ಲಿ ಮೊಬೈಲಿನ ಟಾರ್ಚನ್ನು ತಿದಿಯ ಒಳಗಿಟ್ಟು ನೋಡಿದೆ. ಮಡಿಕೆಯ ಮೂಲೆ ಮೂಲೆಯಲ್ಲೂ ಚುಕ್ಕಿಗಳು, ಕಾರ್ತಿಕದ ಆಕಾಶ! ಮೇಲೆ ಬಳಿದದ್ದು ಬೂಟ್ ಪಾಲಿಷ್; ಬಟ್ಟೆಯಿಂದ ಒರೆಸಿದರೆ ಬಟ್ಟೆ ಕಪ್ಪಾಗುತ್ತಿತ್ತು. ಹೊಸ ತಿದಿ ಹಾಕಿಕೊಡುತ್ತೇನೆಂದು ಒಬ್ಬರು ಆರು ಸಾವಿರ ಮುಂಗಡ ಪಡೆದು ನಾಲ್ಕು ತಿಂಗಳು ಇಟ್ಟುಕೊಂಡರು. ಕೊನೆಗೆ ಆಟೊ ಸೀಟಿನ ರೆಕ್ಸಿನ್‌ನಲ್ಲಿ ಹೊಲಿದು ಕೊಟ್ಟರು. ಬೆಳಕು ಸೋರುವುದಿಲ್ಲ, ಅದೊಂದು ಸಮಾಧಾನ. ಕ್ಯಾಮೆರಾ ಮಾತ್ರ ಈಗ ಮಡಚುವುದಿಲ್ಲ.

ಇಷ್ಟಾದರೂ ನಾನು ಬಿಡಲಿಲ್ಲ. ಮಲ್ಲೇಶ್ವರದ ಮನೆಯಲ್ಲಿ ಅಜ್ಜಿಯನ್ನು ಕಿಟಕಿಯ ಪಕ್ಕ, ಕ್ಯಾಮೆರಾದಿಂದ ಸುಮಾರು ಎರಡು ಮೀಟರ್ ದೂರದಲ್ಲಿ ಕೂರಿಸಿದೆ. ಲೆನ್ಸಿಗೆ ಷಟರ್ ಇಲ್ಲ, ಮುಚ್ಚಳ ತೆಗೆದು ಹಾಕುವುದೇ ಷಟರ್. ಲೆನ್ಸಿನ ಕಿಂಡಿ ಎಫ್/8, ಬೆಳಕು ಬಿಡುವುದು ಒಂದು ಸೆಕೆಂಡು. ಭೂತಗನ್ನಡಿ ಹಿಡಿದು ಅಜ್ಜಿಯ ಎಡಗಣ್ಣಿನ ರೆಪ್ಪೆಯ ಮೇಲೆ ಫೋಕಸ್ ಮಾಡಿದೆ. ಅಜ್ಜಿ ಉಸಿರು ಬಿಗಿ ಹಿಡಿದು ಶಿಲೆಯಾಗಿ ಕುಳಿತಳು. ನೆಗೆಟಿವ್ ತೊಳೆದು ನೋಡಿದರೆ ಕಣ್ಣು ಮಸುಕು, ಕಿವಿಯ ಓಲೆ ಮಾತ್ರ ಹರಳು ಹರಳೂ ಎಣಿಸುವಷ್ಟು ಸ್ಪಷ್ಟ. ಮತ್ತೆ ತೆಗೆದೆ. ಮತ್ತೂ ಓಲೆಯೇ. ಅಜ್ಜಿ ಅಲ್ಲಾಡಿರಬೇಕೆಂದು ಗದರಿದೆ ಕೂಡ, ಪಾಪ. ಅವಳು ಪಟ ನೋಡಿ, "ಓಲೆ ಚೆನ್ನಾಗಿ ಬಂದಿದೆ ಬಿಡು" ಎಂದಳು.

ತಪ್ಪು ಕೈಯಲ್ಲೇ ಇತ್ತು, ಕಾಣಲಿಲ್ಲ. ಚೌಕಟ್ಟು ಗುರುತಿಸಿಕೊಳ್ಳಲೆಂದು ಮಸುಕು ಗಾಜಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದುಕೊಂಡಿದ್ದೆ. ಒಂದು ದಿನ ಆ ಗೆರೆಗಳನ್ನು ಒರೆಸುವಾಗ ಬೆರಳಿಗೆ ಮರಳು ಕಾಗದದ ತರಿ ತಾಗಿತು. ಪೆನ್ಸಿಲು ಹಿಡಿಯುವುದು ಒರಟು ಬದಿಗೆ ಮಾತ್ರ. ಅಂದರೆ ಒರಟು ಬದಿ ನನ್ನ ಕಡೆಗಿದೆ. ಅದು ಲೆನ್ಸಿನ ಕಡೆಗಿರಬೇಕು! ಯಾರೋ ಗಾಜು ಬದಲಿಸುವಾಗ ತಿರುಗಿಸಿ ಕೂರಿಸಿದ್ದರು. ಬಿಂಬ ಮೂಡುವುದು ಒರಟು ಮೈಯ ಮೇಲೆ. ಫಿಲ್ಮ್ ನಿಲ್ಲಬೇಕಾದದ್ದೂ ಅದೇ ಜಾಗದಲ್ಲಿ. ಗಾಜು ಎರಡು ಮಿಲಿಮೀಟರ್ ದಪ್ಪ, ಅದು ಬೆಳಕನ್ನು ಬಾಗಿಸುವ ಲೆಕ್ಕ ಕಳೆದರೂ ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಉಳಿಯುತ್ತದೆ. ನನ್ನ 210 ಮಿಲಿಮೀಟರ್ ಲೆನ್ಸಿಗೆ, ಎರಡು ಮೀಟರ್ ದೂರದಲ್ಲಿ, ಫೋಕಸ್ ಸುಮಾರು ನಾಲ್ಕು ಇಂಚು ಹಿಂದಕ್ಕೆ ಬೀಳುತ್ತದೆ. ಅಜ್ಜಿಯ ಕಣ್ಣಿನಿಂದ ಓಲೆಗೆ ಇರುವುದೂ ಅಷ್ಟೇ. ನಾಲ್ಕು ಮೊಳೆ ಬಿಚ್ಚಿ ಗಾಜು ತಿರುಗಿಸಲು ಐದು ನಿಮಿಷ ಸಾಕಾಯಿತು. ಅದನ್ನು ಕಂಡುಕೊಳ್ಳಲು ಏಳು ತಿಂಗಳು.

ಆದ್ದರಿಂದ ಅಂಗಡಿಯಲ್ಲಿ ಹಿತ್ತಾಳೆ ನೋಡಬೇಡಿ. ಟಾರ್ಚ್ ಒಯ್ಯಿರಿ, ತಿದಿಯನ್ನು ಪೂರ್ತಿ ಹಿಗ್ಗಿಸಿ ಒಳಗಿಟ್ಟು ನೋಡಿ; ಅಂಗಡಿಯವರು ಕತ್ತಲೆ ಕೋಣೆ ಇಲ್ಲವೆಂದರೆ ನಿಮ್ಮ ಕರಿಬಟ್ಟೆಯನ್ನೇ ಹೊದ್ದುಕೊಳ್ಳಿ. ಲೆನ್ಸನ್ನು ಬಿಚ್ಚಿ ಅದರ ಮೂಲಕ ಆಕಾಶ ನೋಡಿ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣ ಕಂಡರೆ ಗಾಜುಗಳ ನಡುವಿನ ಅಂಟು ಬಿಟ್ಟಿದೆಯೆಂದು ಲೆಕ್ಕ. ಅಲಂಕಾರಕ್ಕೆಂದೇ ಈಚೆಗೆ ಮಾಡಿದ ಪೆಟ್ಟಿಗೆಗಳೂ ಇವೆ. ಅವುಗಳಲ್ಲಿ ಹೋಲ್ಡರ್ ಕೂರುವ ಜಾಗವೇ ಇರುವುದಿಲ್ಲ.

ನಿಜ ಹೇಳಬೇಕೆಂದರೆ, ಮೊದಲ ಕ್ಯಾಮೆರಾ ಹಾಫ್ ಪ್ಲೇಟ್ ಆಗಲೇಬಾರದು. 4×5 ಇಂಚಿನದನ್ನು ಹುಡುಕಿ. ಅದರ ಹೋಲ್ಡರ್‌ಗಳಿಗೆ ಒಂದೇ ಅಳತೆ. ಅಮೆರಿಕದ ಹೋಲ್ಡರ್ ಜಪಾನಿನ ಕ್ಯಾಮೆರಾಕ್ಕೆ ಕೂರುತ್ತದೆ. ಇಲ್ಫರ್ಡ್, ಫೋಮಾ, ಕೊಡಾಕ್ ಮೂವರೂ ಫಿಲ್ಮ್ ಮಾಡುತ್ತಾರೆ. ಹೋಲ್ಡರ್ ಮತ್ತು ಫಿಲ್ಮ್ ಕೈಗೆ ಬಂದ ಮೇಲೆ ಕ್ಯಾಮೆರಾ ಕೊಳ್ಳಿ, ನನ್ನಂತೆ ತಿರುಗುಮುರುಗು ಮಾಡಬೇಡಿ. ಈಗಾಗಲೇ ಹಳ್ಳಕ್ಕೆ ಬಿದ್ದಿದ್ದರೆ ಪ್ರಿಂಟ್ ಹಾಕುವ ಕಾಗದವನ್ನೇ ನೆಗೆಟಿವ್ ಆಗಿ ಬಳಸಿ. ಅದು ಬೆಳಕು ಹಿಡಿಯುವ ವೇಗ ಐಎಸ್ಒ ಎಂಬ ಅಳತೆಯಲ್ಲಿ ಹತ್ತರೊಳಗೆ. ಹೊರಗಿನ ನೆರಳಿನಲ್ಲಿ ಎಫ್/22ಕ್ಕೆ ಎರಡು ಮೂರು ಸೆಕೆಂಡು ಬೇಕು, ಮುಚ್ಚಳದ ಷಟರಿಗೆ ಹೇಳಿಮಾಡಿಸಿದಂತಿರುತ್ತದೆ. ಐಎಸ್ಒ 100ರ ಫಿಲ್ಮಿಗೆ ಬಿಸಿಲಿನಲ್ಲಿ ಎಫ್/16ಕ್ಕೆ ಸೆಕೆಂಡಿನ ನೂರನೇ ಒಂದು ಭಾಗ ಸಾಕು. ಅಷ್ಟು ಬೇಗ ಮುಚ್ಚಳ ತೆಗೆದು ಹಾಕಬಲ್ಲ ಕೈ ಯಾರಿಗೂ ಇಲ್ಲ.

ಆ ಹುಡುಗ ಕೊಂಡನೋ ಇಲ್ಲವೋ ಎಂಬ ಹುಳ ಕೊರೆಯುತ್ತಲೇ ಇತ್ತು. ನಿನ್ನೆ ಅಂಗಡಿಗೆ ಫೋನ್ ಮಾಡಿ, ಗಿರಾಕಿಯಂತೆ ನಟಿಸಿ, ಮಸುಕು ಗಾಜಿನ ಒರಟು ಬದಿ ಯಾವ ಕಡೆಗಿದೆ ಎಂದು ಕೇಳಿದೆ. ಆ ಕಡೆಯಿಂದ ಬಹಳ ವಿನಯದ ಉತ್ತರ ಬಂತು: "ಗಾಜು ಸ್ವಲ್ಪ ಮಸುಕಾಗಿರುವುದು ನಿಜ ಸರ್. ನೀವೇನೂ ಯೋಚಿಸಬೇಡಿ, ಅದನ್ನು ತೆಗೆಸಿ ಹೊಸದಾಗಿ ತಿಳಿ ಗಾಜು ಹಾಕಿಸಿ ಕೊಡುತ್ತೇನೆ."