ಬೀಗ ತೆಗೆಯುವಾಗ ಗಡಿಯಾರ ನಿಲ್ಲಬಾರದು: ಸ್ಕೈರಿಮ್, ಆಬ್ಲಿವಿಯನ್, ಕಿಂಗ್ಡಮ್ ಕಮ್

ಕಳ್ಳನಾಗಿ ಆಡಲು ಯಾವ ಫ್ಯಾಂಟಸಿ ಗೇಮ್ ಒಳ್ಳೆಯದು ಎಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕಿಂಗ್ಡಮ್ ಕಮ್: ಡೆಲಿವರೆನ್ಸ್‌ಗೆ. ಯಾವ ಓಪನ್ ವರ್ಲ್ಡ್ ಗೇಮ್ ಹಾಕಿಕೊಂಡರೂ ನಾನು ಆಡುವುದು ಕಳ್ಳನಾಗಿಯೇ. ರಾಜ್ಯ ಉಳಿಸುವ ಕೆಲಸ ಒಂದು ಕಡೆ ಇರಲಿ. ನನಗೆ ಬೇಕಾದ್ದು ರಾತ್ರಿ ಹೊತ್ತು ಬೀಗ ಹಾಕಿದ ಒಂದು ಬಾಗಿಲು, ಒಳಗೆ ಮಲಗಿರುವ ಅಂಗಡಿಯವನು, ಅವನ ಮಂಚದ ಪಕ್ಕದಲ್ಲಿ ಒಂದು ಪೆಟ್ಟಿಗೆ. ಇದನ್ನು ಯಾವ ಗೇಮ್ ಚೆನ್ನಾಗಿ ಕೊಡುತ್ತದೆ ಅನ್ನುವುದೇ ನನ್ನ ಅಳತೆಗೋಲು. 2018ರಲ್ಲಿ ಬಂದ ಕಿಂಗ್ಡಮ್ ಕಮ್ ಫ್ಯಾಂಟಸಿಯೇ ಅಲ್ಲ, 1403ರ ಬೊಹೀಮಿಯಾದ (ಇಂದಿನ ಚೆಕ್ ದೇಶದ ಭಾಗ) ಕಥೆ, ಅದರಲ್ಲಿ ಮಂತ್ರವೂ ಇಲ್ಲ ಡ್ರ್ಯಾಗನ್ನೂ ಇಲ್ಲ ಎಂದು ತಕರಾರು ತೆಗೆಯುವವರಿದ್ದಾರೆ. ನಿಜ. ಆದರೆ ಸ್ಕೈರಿಮ್‌ನಲ್ಲಿ ಕದ್ದು ಕದ್ದು ಸಾಕಾದವರಿಗೆ ಮುಂದಿನ ಊರು ಇದೇ ಆಗಿರುವಾಗ, ಇದನ್ನು ಹೊರಗಿಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ.

ಸ್ಕೈರಿಮ್‌ನಿಂದ ಶುರು ಮಾಡೋಣ. 2011ರ ಗೇಮ್ ಆದರೂ ನನ್ನ ಸ್ನೇಹಿತರಲ್ಲಿ ಮುಕ್ಕಾಲು ಪಾಲು ಜನ ಬೀಗ ತೆಗೆಯಲು ಕಲಿತದ್ದು ಅಲ್ಲೇ. ಬೀಗ ತೆಗೆಯುವ ಕಡ್ಡಿಯನ್ನು (ಲಾಕ್‌ಪಿಕ್) ಅರ್ಧ ವೃತ್ತದ ಮೇಲೆ ಎಲ್ಲೋ ಒಂದು ಕಡೆ ನಿಲ್ಲಿಸಬೇಕು, ಬೀಗವನ್ನು ಚೂರೇ ಚೂರು ತಿರುಗಿಸಬೇಕು. ಎಷ್ಟು ತಿರುಗಿತೋ ಅಷ್ಟರ ಮೇಲೆ ಸರಿಯಾದ ಜಾಗ ಹತ್ತಿರವೋ ದೂರವೋ ಅಂದಾಜು ಮಾಡಬೇಕು. ಕಡ್ಡಿ ಅದುರಿದರೆ ಕೈ ಬಿಡಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಸ್ಕೈರಿಮ್ ಮಾಡಿದ ಕಂಪನಿಯೇ 2008ರ ಫಾಲ್‌ಔಟ್ 3ರಲ್ಲಿ ಬಳಸಿದ್ದ ಕ್ರಮವೇ ಇಲ್ಲಿಗೂ ಬಂದಿದೆ. ಕೈಗೆ ಹಿತವಾಗಿದೆ, ಕಲಿಯಲು ಐದು ನಿಮಿಷ ಸಾಕು. ತೊಂದರೆ ಏನೆಂದರೆ ಕಡ್ಡಿಗಳು ಎಲ್ಲಿ ನೋಡಿದರಲ್ಲಿ ಸಿಗುತ್ತವೆ. ಜೇಬಿನಲ್ಲಿ ಕಡ್ಡಿ ಇದ್ದರೆ ಕಲಿಯದವನೂ ಮಾಸ್ಟರ್ ಮಟ್ಟದ ಬೀಗ ತೆಗೆದುಬಿಡುತ್ತಾನೆ. ಹಾಗಾಗಿ ಲಾಕ್‌ಪಿಕಿಂಗ್ ಪರ್ಕ್‌ಗಳಿಗೆ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಶಕ್ತಿಗಳಿಗೆ) ಪಾಯಿಂಟ್ ಹಾಕುವುದು ದಂಡ ಅನ್ನುವುದು ನನ್ನ ಅಭಿಪ್ರಾಯ.

ಇದಕ್ಕಿಂತ ದೊಡ್ಡ ತೊಂದರೆ ಗಡಿಯಾರದ್ದು. ಸ್ಕೈರಿಮ್‌ನಲ್ಲಿ ಬೀಗಕ್ಕೆ ಕಡ್ಡಿ ಇಟ್ಟ ಕೂಡಲೇ ಲೋಕವೇ ನಿಂತುಬಿಡುತ್ತದೆ. ಗಾರ್ಡ್ ಎರಡು ಹೆಜ್ಜೆ ಆಚೆ ನಿಂತಿರಲಿ, ಅವನು ಆ ಕಡೆ ಮುಖ ತಿರುಗಿಸಿದ ಕ್ಷಣದಲ್ಲಿ ನೀವು ಬೀಗ ಮುಟ್ಟಿದರೆ ಮುಗಿಯಿತು, ಅರ್ಧ ಗಂಟೆ ಕಡ್ಡಿ ಆಡಿಸುತ್ತಾ ಕೂತರೂ ಅವನು ಕತ್ತು ಹೊರಳಿಸುವುದಿಲ್ಲ. ಜೊತೆಗೆ ಒತ್ತಿದ ಕೂಡಲೇ ಆಟ ಸೇವ್ ಮಾಡುವ ಎಫ್5 ಕೀ ಇದೆ. ಪಿಕ್‌ಪಾಕೆಟ್ ಮಾಡುವಾಗ ಯಶಸ್ಸಿನ ಸಾಧ್ಯತೆ ಎಷ್ಟೇ ಆದರೂ 90 ಪರ್ಸೆಂಟ್ ದಾಟದ ಹಾಗೆ ಇಟ್ಟಿದ್ದಾರೆ, ಉದ್ದೇಶ ಒಳ್ಳೆಯದೇ. ಆದರೆ ಸೇವ್ ಮಾಡಿ, ಸಿಕ್ಕಿಬಿದ್ದರೆ ಲೋಡ್ ಮಾಡಿ, ಮತ್ತೆ ಕೈ ಹಾಕುವ ಅವಕಾಶ ಕೊಟ್ಟ ಮೇಲೆ ಆ ಹತ್ತು ಪರ್ಸೆಂಟಿಗೆ ಏನು ಬೆಲೆ?

ಅಡಗಿ ನಡೆಯುವುದಂತೂ ಸ್ನೀಕ್ ಮಟ್ಟ ಏರಿದ ಹಾಗೆಲ್ಲ ಸಪ್ಪೆಯಾಗುತ್ತಾ ಹೋಗುತ್ತದೆ. ಪರ್ಕ್ ಸರಿಯಾಗಿ ಹಾಕಿಕೊಂಡರೆ ಹಿಂದಿನಿಂದ ಹಾಕುವ ಚೂರಿ ಏಟಿಗೆ ಹದಿನೈದು ಪಟ್ಟು ಪೆಟ್ಟು. ಪಕ್ಕದಲ್ಲೇ ಜೊತೆಗಾರ ಬಾಣ ತಿಂದು ಬಿದ್ದಿದ್ದರೂ ದರೋಡೆಕೋರ ಸ್ವಲ್ಪ ಹೊತ್ತು ಹುಡುಕಾಡಿ, ಏನೂ ಇಲ್ಲ ಎಂದುಕೊಂಡು ವಾಪಸ್ ತನ್ನ ಜಾಗಕ್ಕೆ ಹೋಗಿ ನಿಲ್ಲುತ್ತಾನೆ. ಅಂಗಡಿಯವನ ತಲೆಗೆ ಬಕೆಟ್ ಕವುಚಿ ಅಂಗಡಿ ಖಾಲಿ ಮಾಡುವುದು ಮಾತ್ರ ಇವತ್ತಿಗೂ ಖುಷಿ ಕೊಡುತ್ತದೆ.

ಆಬ್ಲಿವಿಯನ್ 2006ರದ್ದು, 2025ರ ಏಪ್ರಿಲ್‌ನಲ್ಲಿ ಹೊಸ ರೂಪದಲ್ಲಿ ಮತ್ತೆ ಬಂತು. ಬರೀ ಬೀಗದ ಮಟ್ಟಿಗೆ ಹೇಳುವುದಾದರೆ ಸ್ಕೈರಿಮ್‌ಗಿಂತ ಇದೇ ಮೇಲು. ಬೀಗದೊಳಗೆ ಒಂದರಿಂದ ಐದು ಪಿನ್. ಕಡ್ಡಿಯಿಂದ ಒಂದನ್ನು ಮೇಲಕ್ಕೆ ತಳ್ಳಿದರೆ ಒಮ್ಮೆ ಚುರುಕಾಗಿ ಹಾರುತ್ತದೆ, ಇನ್ನೊಮ್ಮೆ ನಿಧಾನವಾಗಿ ಏರುತ್ತದೆ. ಆ ನಿಧಾನದ ಸರದಿಗೆ ಕಾದು, ತುದಿ ಮುಟ್ಟಿದ ಕ್ಷಣದಲ್ಲಿ ಕೂರಿಸಬೇಕು. ತಪ್ಪಿದರೆ ಕಡ್ಡಿ ಮುರಿಯುತ್ತದೆ, ಮೊದಲೇ ಕೂರಿಸಿದ್ದ ಪಿನ್‌ಗಳೂ ಕೆಳಗೆ ಬೀಳಬಹುದು. ಎಷ್ಟು ಬೀಳುತ್ತವೆ ಅನ್ನುವುದು ನಿಮ್ಮ ಸೆಕ್ಯುರಿಟಿ ಸ್ಕಿಲ್, ಅಂದರೆ ಬೀಗ ತೆಗೆಯುವ ಕೌಶಲದ ಮೇಲೆ. ಕೈ ಪಳಗಿದ್ದು ಇಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ. ಕದ್ದ ಮಾಲನ್ನು ಕಂಡಕಂಡ ಅಂಗಡಿಯಲ್ಲಿ ಮಾರಲಾಗದು, ಥೀವ್ಸ್ ಗಿಲ್ಡ್ (ಕಳ್ಳರ ಸಂಘ) ಸೇರಬೇಕು. ಅದಕ್ಕೂ ಮಧ್ಯರಾತ್ರಿ ರಾಜಧಾನಿಯ ವಾಟರ್‌ಫ್ರಂಟ್ ಬಡಾವಣೆಯ ಒಂದು ತೋಟಕ್ಕೆ ಹೋಗಿ ಕಾಯಬೇಕು. ಕಳ್ಳರ ಲೋಕ ಅಂದರೆ ಹೀಗಿರಬೇಕು ಅನಿಸುತ್ತದೆ.

ಆದರೆ ಅಲ್ಲೂ ಬೀಗ ತೆಗೆಯುವಾಗ ಕಾಲ ನಿಲ್ಲುತ್ತದೆ. ಹತ್ತನೇ ಲೆವೆಲ್ ಆದ ಮೇಲೆ ನಾಕ್ಟರ್ನಲ್ ದೇವತೆಯ ಕೆಲಸ ಮಾಡಿಕೊಟ್ಟರೆ ಎಂದೂ ಮುರಿಯದ ಸ್ಕೆಲಿಟನ್ ಕೀ ಸಿಗುತ್ತದೆ, ಅಲ್ಲಿಗೆ ಬೀಗದ ಭಯವೂ ಮುಗಿಯಿತು. ನಾನು ಆ ಕೀ ತರುವುದನ್ನೇ ಬಿಟ್ಟಿದ್ದೇನೆ. ಹೊಸ ಆವೃತ್ತಿ 125 ಜಿಬಿ ಜಾಗ ಕೇಳುತ್ತದೆ. ನನ್ನ ಪಿಸಿಗೆ ಹಳೆಯದೇ ಸರಿ.

ಗಾಥಿಕ್ 2 ಬಗ್ಗೆ ನಾಲ್ಕು ಮಾತು. ಬೀಗ ಅಂದರೆ ಎಡ-ಬಲದ ಒಂದು ಸಾಲು: ಎಡ, ಎಡ, ಬಲ, ಎಡ. ತಪ್ಪಿದರೆ ಮತ್ತೆ ಮೊದಲಿಂದ, ಕಡ್ಡಿ ಮುರಿದರೂ ಮುರಿಯಿತು. ಪ್ರತಿ ಪೆಟ್ಟಿಗೆಗೂ ಅದರದೇ ಸಾಲು, ಬದಲಾಗುವುದಿಲ್ಲ. ನೋಟ್‌ಬುಕ್ ಇಟ್ಟುಕೊಂಡು ಬರೆದುಕೊಳ್ಳುವ ಅಭ್ಯಾಸ ಇರುವವರಿಗೆ ಬಲು ಇಷ್ಟವಾಗುತ್ತದೆ. 2002ರ ಗೇಮ್, ಆಫೀಸ್ ಲ್ಯಾಪ್‌ಟಾಪ್ ಮೇಲೂ ಓಡುತ್ತದೆ. ಹಾಗ್ವಾರ್ಟ್ಸ್ ಲೆಗಸಿಯಲ್ಲಿ ಬೀಗ ಅಂದರೆ ಎರಡು ಚಕ್ರ ತಿರುಗಿಸುವುದು, ಎಲ್ಲ ಬಾಗಿಲಿಗೂ ಅದೇ, ಮೂರನೇ ದಿನಕ್ಕೆ ಬೇಜಾರು.

ಈಗ ಕಿಂಗ್ಡಮ್ ಕಮ್. ರಟ್ಟೈ ಪಟ್ಟಣದಲ್ಲಿ ಕತ್ತಿ ಮಾಡುವವನ ಅಂಗಡಿ. ರಾತ್ರಿ. ದೀಪ ಹಿಡಿಯದೆ ಬೀದಿಯಲ್ಲಿ ಓಡಾಡಿದರೆ ಕಾವಲಿನವನು ತಡೆದು ಕೇಳುತ್ತಾನೆ, ದೀಪ ಹಿಡಿದರೆ ಊರಿಗೆಲ್ಲ ಕಾಣಿಸುತ್ತೀರಿ. ಮೈಮೇಲೆ ಕಬ್ಬಿಣದ ಕವಚ ಇದ್ದರೆ ಹೆಜ್ಜೆ ಹೆಜ್ಜೆಗೂ ಝಣಝಣ. ಹೊರಡುವ ಮುಂಚೆ ಅದನ್ನೆಲ್ಲ ಕಳಚಿ, ಕಪ್ಪು ಬಟ್ಟೆ ಹಾಕಿ, ಸದ್ದು ಮಾಡದ ಬೂಟು ತೊಡಬೇಕು. ನಿಮ್ಮ ಉಡುಪು ಎಷ್ಟು ಸದ್ದು ಮಾಡುತ್ತದೆ, ಎಷ್ಟು ಕಣ್ಣಿಗೆ ಬೀಳುತ್ತದೆ, ಎಷ್ಟು ಎದ್ದು ಕಾಣುತ್ತದೆ ಎಂದು ಗೇಮ್ ಬೇರೆಬೇರೆಯಾಗಿ ಲೆಕ್ಕ ಇಡುತ್ತದೆ. ಬೀಗಕ್ಕೆ ಕಡ್ಡಿ ಹಾಕಿದ ಮೇಲೂ ಬೀದಿ ನಡೆಯುತ್ತಲೇ ಇರುತ್ತದೆ. ಹಿಂದಿನಿಂದ ಹೆಜ್ಜೆ ಸದ್ದು ಹತ್ತಿರ ಬರುತ್ತಿದೆ, ಬೀಗ ಮುಕ್ಕಾಲು ತಿರುಗಿದೆ, ಬಿಟ್ಟು ಓಡುವುದೋ ಮುಗಿಸುವುದೋ? ಕಡ್ಡಿ ಮುರಿದರೆ ಆ ಸದ್ದಿಗೇ ಯಾರಾದರೂ ಎದ್ದು ಬರಬಹುದು. ಎದೆ ಢವಢವ ಅನ್ನುವುದು ನನಗೆ ಈ ಗೇಮ್‌ನಲ್ಲಿ ಮಾತ್ರ.

ಸೇವ್ ಮಾಡುವುದೂ ಸಲೀಸಲ್ಲ. ಸೇವಿಯರ್ ಶ್ನಾಪ್ಸ್ ಅನ್ನುವ ಮದ್ಯ ಕುಡಿಯಬೇಕು, ಅದು ದುಬಾರಿ, ಅಮಲೂ ಏರುತ್ತದೆ. ಇಲ್ಲವೇ ನಿಮ್ಮದೇ ಹಾಸಿಗೆಯಲ್ಲಿ ಮಲಗಿ ಏಳಬೇಕು. ಸೇವ್ ಮಾಡಿ ಆಟದಿಂದ ಹೊರಬರುವ ದಾರಿ ಇದೆ, ಮಾರನೇ ದಿನ ಆಫೀಸ್ ಇರುವ ನನ್ನಂಥವರಿಗೆ ಅಷ್ಟು ಸಾಕು. ಸಿಕ್ಕಿಬಿದ್ದರೆ ದಂಡ, ಇಲ್ಲ ಜೈಲು. ಜೈಲಿನಿಂದ ಬಂದ ಮೇಲೆ ಒಂದಷ್ಟು ದಿನ ಮೈಯಲ್ಲಿ ಕಸುವಿರುವುದಿಲ್ಲ, ಊರಿನಲ್ಲಿ ಹೆಸರೂ ಕೆಟ್ಟಿರುತ್ತದೆ. ಕದ್ದ ಮಾಲು ಕೊಳ್ಳುವವರು ಗಿರಣಿಯವರು. ಬೀಗ ತೆಗೆಯಲು ಕಥಾನಾಯಕ ಹೆನ್ರಿಗೆ ಕಲಿಸುವ ಪೆಶೆಕ್ ಕೂಡ ಗಿರಣಿಯವನೇ. ಹಿಟ್ಟು ಬೀಸುವವನ ಮನೆಯಲ್ಲಿ ಕಳ್ಳಮಾಲಿನ ವ್ಯಾಪಾರ ಇಟ್ಟಿರುವುದು ನನಗೆ ತುಂಬಾ ಹಿಡಿಸಿದ ಸಂಗತಿ.

ಇಷ್ಟೆಲ್ಲ ಹೊಗಳಿದ ಮೇಲೆ ತಲೆನೋವಿನ ವಿಷಯಕ್ಕೆ ಬರಲೇಬೇಕು: ಕಂಟ್ರೋಲರ್‌ನಲ್ಲಿ ಈ ಬೀಗ. ಮೊದಲು ಹೆಬ್ಬೆರಳಿನಿಂದ ಆಡಿಸುವ ಒಂದು ಸ್ಟಿಕ್‌ನಿಂದ ಬೀಗದ ಮೇಲೆ ಸರಿಯಾದ ಬಿಂದು ಹುಡುಕಬೇಕು. ಸಿಕ್ಕಿದ ಮೇಲೆ ಇನ್ನೊಂದರಿಂದ ಬೀಗ ತಿರುಗಿಸಬೇಕು. ಬೀಗದ ಜೊತೆ ಆ ಬಿಂದುವೂ ಸುತ್ತುತ್ತದೆ, ಹಾಗಾಗಿ ಮೊದಲನೇ ಸ್ಟಿಕ್ ಅದನ್ನು ಬಿಡದೆ ಹಿಂಬಾಲಿಸುತ್ತಿರಬೇಕು. ಒಂದು ಕೈಯಲ್ಲಿ ಬೀಸುಕಲ್ಲು ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ರಂಗೋಲಿ ಎಳೆದ ಹಾಗೆ. ಒಂದು ಕೂದಲೆಳೆ ಆಚೀಚೆಯಾದರೆ ಕಡ್ಡಿ ಟಪ್.

ನನ್ನದು ಎಸ್.ಪಿ. ರೋಡಿನಲ್ಲಿ ತಗೊಂಡ ಸೆಕೆಂಡ್‌ಹ್ಯಾಂಡ್ ಕಂಟ್ರೋಲರ್. ಸ್ಕೈರಿಮ್‌ನಲ್ಲಿ ಒಂದು ದೂರೂ ಇರಲಿಲ್ಲ, ಯಾಕೆಂದರೆ ಅಲ್ಲಿ ಬೀಗ ತಿರುಗಿಸುವಾಗ ಕಡ್ಡಿ ಇಟ್ಟಲ್ಲೇ ಇರುತ್ತದೆ, ಎರಡೂ ಕೈ ಒಟ್ಟಿಗೆ ಓಡಬೇಕಿಲ್ಲ. ಕಿಂಗ್ಡಮ್ ಕಮ್ ಹಾಕಿದ ಮೊದಲ ಸಂಜೆಯೇ ಗುಟ್ಟು ಹೊರಬಿತ್ತು. ಬೆರಳು ತೆಗೆದರೂ ಎಡಗಡೆ ಸ್ಟಿಕ್ ತಾನೇ ತಾನಾಗಿ ಮೆಲ್ಲಗೆ ಜಾರುತ್ತಿತ್ತು. ಡ್ರಿಫ್ಟ್. ಸ್ಟಿಕ್ ಒಳಗಿನ ಸೆನ್ಸರ್ ಸವೆದಾಗ ಹೀಗಾಗುತ್ತದೆ. ಬಾಣ ಬಿಡುವಾಗ, ಕುದುರೆ ಓಡಿಸುವಾಗ ಗೊತ್ತೇ ಆಗದ ಈ ಜಾರುವಿಕೆ ಬೀಗದ ಮುಂದೆ ಕೂತಾಗ ಪ್ರಾಣ ಹಿಂಡುತ್ತದೆ. ಅಂಗಡಿಗೆ ವಾಪಸ್ ಒಯ್ದೆ. "ಸರ್, ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಝೋನ್ ಜಾಸ್ತಿ ಮಾಡ್ಕೊಳ್ಳಿ, ಸರಿಹೋಗುತ್ತೆ" ಅಂದರು. ಜಾರುವುದು ನಿಂತದ್ದು ನಿಜ. ಆದರೆ ಡೆಡ್‌ಝೋನ್ ಹೆಚ್ಚಿಸುವುದು ಅಂದರೆ ಸ್ಟಿಕ್‌ನ ಸಣ್ಣ ಚಲನೆಯನ್ನು ಲೆಕ್ಕಕ್ಕೇ ತಗೋಬೇಡ ಎಂದು ಹೇಳುವುದು. ಈ ಬೀಗಕ್ಕೆ ಬೇಕಾದ್ದೇ ಆ ಸಣ್ಣ ಚಲನೆ! ರೋಗ ಹೋಯಿತು, ಜೊತೆಗೆ ಕೈಯೂ ಹೋಯಿತು.

ಕಂಟ್ರೋಲರ್‌ದೇ ದೋಷವೋ ಗೇಮ್‌ದೂ ಇದೆಯೋ ನೋಡೋಣ ಎಂದು ಜಯನಗರದಲ್ಲಿರುವ ಸ್ನೇಹಿತನ ಮನೆಗೆ ಹೋಗಿ ಅವನ ಪ್ಲೇಸ್ಟೇಷನ್‌ನಲ್ಲಿ, ಹೊಸ ಕಂಟ್ರೋಲರ್‌ನಲ್ಲಿ ಕೂತೆ. ಡ್ರಿಫ್ಟ್ ಇಲ್ಲದಿದ್ದರೂ ಕಷ್ಟವೇ. "ಮಗಾ, ಒಂದು ಪೆಟ್ಟಿಗೆಗೆ ಇಷ್ಟೊತ್ತಾ? ಕೊಡಿಲ್ಲಿ" ಎಂದು ಕಿತ್ತುಕೊಂಡವನು ತನ್ನ ಹತ್ತಿರ ಇದ್ದ ಕಡ್ಡಿಗಳನ್ನೆಲ್ಲ ಮುರಿದು ವಾಪಸ್ ಕೊಟ್ಟ. ಆಟ ಬಂದ ಹೊಸದರಲ್ಲಿ ಈ ಬಗ್ಗೆ ಎಷ್ಟು ಕೂಗೆದ್ದಿತೆಂದರೆ, ಆಮೇಲೆ ಒಂದು ಪ್ಯಾಚ್‌ನಲ್ಲಿ (ಗೇಮ್‌ಗೆ ಬಿಡುವ ತಿದ್ದುಪಡಿಯಲ್ಲಿ) ಸುಲಭದ ಲಾಕ್‌ಪಿಕಿಂಗ್ ಆಯ್ಕೆ ಸೇರಿಸಿದರು. ಅದನ್ನು ಹಾಕಿಕೊಂಡರೆ ಕಂಟ್ರೋಲರ್‌ನಲ್ಲೂ ಆಡಬಹುದು, ನನ್ನ ಸ್ನೇಹಿತ ಹಾಗೆಯೇ ಮುಂದುವರಿಸಿದ.

ನನಗೆ ದಾರಿ ತೋರಿಸಿದ್ದು ಮೌಸ್. ಬಲಗೈಯಲ್ಲಿ ಮೌಸ್, ಎಡಗೈಯಲ್ಲಿ ಕೀ ಒತ್ತಿ ಬೀಗ ತಿರುಗಿಸುವುದು. ಮೌಸ್ ಮೇಜಿನ ಮೇಲೆ ಇಟ್ಟಲ್ಲಿ ಇರುತ್ತದೆ, ತಾನಾಗಿ ಎಲ್ಲೂ ಜಾರುವುದಿಲ್ಲ. ಸೆನ್ಸಿಟಿವಿಟಿ ಸ್ವಲ್ಪ ಇಳಿಸಿ, ಬೀಗವನ್ನು ಒಂದೇ ಉಸಿರಿಗೆ ತಿರುಗಿಸದೆ ತುಸು ತಿರುಗಿಸಿ, ನಿಲ್ಲಿಸಿ, ಮತ್ತೆ ತುಸು ತಿರುಗಿಸಿ ಅಭ್ಯಾಸ ಮಾಡಿದರೆ ಕಷ್ಟದ ಬೀಗಗಳೂ ಬಗ್ಗುತ್ತವೆ. ಸುಲಭದ ಆಯ್ಕೆಯನ್ನು ನಾನು ಮುಟ್ಟಿಲ್ಲ, ಮುಟ್ಟುವುದೂ ಇಲ್ಲ.

ನಾನು ಆಡುವುದು ರಾತ್ರಿ ಊಟ ಆದ ಮೇಲೆ, ಮೇಜಿನ ಮುಂದೆ ಕೂತು, ಸೇಲ್‌ನಲ್ಲಿ ಅಗ್ಗಕ್ಕೆ ತಗೊಂಡ ಗೇಮ್‌ಗಳನ್ನು. ಒಂದು ರಾತ್ರಿಗೆ ಒಂದೇ ಮನೆಗೆ ಕನ್ನ ಹಾಕಿದರೂ ನನಗೆ ತೃಪ್ತಿ. ಹಾಗಾಗಿ ಕಿಂಗ್ಡಮ್ ಕಮ್ ನನಗೆ ಹೇಳಿ ಮಾಡಿಸಿದ್ದು. ಸೋಫಾ ಮೇಲೆ ಒರಗಿ ಟಿವಿಯಲ್ಲಿ ಆಡುವವರು, ಮಕ್ಕಳು ಕರೆದಾಗ ತಕ್ಷಣ ಎದ್ದು ಹೋಗಬೇಕಾದವರು ಸ್ಕೈರಿಮ್ ತಗೊಳ್ಳಿ, ಅಲ್ಲಿ ಎಲ್ಲಿ ಬೇಕಾದರೂ ಸೇವ್ ಮಾಡಬಹುದು. ಬೀಗದ ಆಟವೇ ಮುಖ್ಯ, ಕಾವಲಿನವರ ಕಾಟ ಬೇಡ ಅನ್ನುವವರಿಗೆ ಹಳೆಯ ಆಬ್ಲಿವಿಯನ್.

ಕಿಂಗ್ಡಮ್ ಕಮ್‌ನ ಎರಡನೇ ಭಾಗ 2025ರ ಫೆಬ್ರವರಿಯಲ್ಲೇ ಬಂದಿದೆ. ಬೀಗದ ಕ್ರಮ ಹೆಚ್ಚುಕಡಿಮೆ ಅದೇ. ಕಳ್ಳತನ ಆಗುವ ಮುಂಚೆ ಆ ಸುತ್ತಮುತ್ತ ಸುಳಿದಾಡಿದವನನ್ನು ಜನ ನೆನಪಿಟ್ಟುಕೊಂಡು ಅನುಮಾನ ಪಡುತ್ತಾರೆ ಅನ್ನುವುದು ಅದರಲ್ಲಿ ನನ್ನನ್ನು ಸೆಳೆದಿರುವ ಹೊಸ ಅಂಶ. ನನ್ನ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಅದು ಓಡುವುದಿಲ್ಲ. ಈ ವರ್ಷ ಕಾರ್ಡ್ ಬದಲಾಯಿಸುತ್ತೇನೆ, ಗೇಮ್ ಸೇಲ್‌ಗೆ ಬಂದಾಗ. ಅಲ್ಲಿಯವರೆಗೆ ರಟ್ಟೈನಲ್ಲಿ ಇನ್ನೂ ತೆಗೆಯದ ಬೀಗಗಳು ಬೇಕಾದಷ್ಟಿವೆ.